ಕನಕರಾಯನ ಒಂದೇ ಒಂದು ಶೇರು

ಲಿಂಗಸುಗೂರಿನಲ್ಲಿ ನೀರೆತ್ತುವ ಮೋಟರ್ ತಯಾರಿಸುವ ಕಂಪನಿಯ ಮಾಲೀಕರು ಯಾರಾದರೂ ಇದ್ದಾರೆಯೇ ಎಂದು ನೀವು ಹೋದ ವರ್ಷ ಕೇಳಿದ್ದರೆ ಕನಕರಾಯ ಕೂಡ ಇಲ್ಲವೆಂದೇ ಹೇಳುತ್ತಿದ್ದ. ಡಿಸೆಂಬರ್ ಹನ್ನೊಂದರ ನಂತರ ಹಾಗೆ ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ಅಂದು ಬೆಳಿಗ್ಗೆ ಹತ್ತೂವರೆಗೆ, ಹೈಸ್ಕೂಲಿನ ಗುಮಾಸ್ತರ ಕೋಣೆಯಲ್ಲಿ, ಹಾಜರಿ ಪುಸ್ತಕವನ್ನು ಬದಿಗೆ ಸರಿಸಿ, ಅವನು ಜಲಕಂಠ ಮೋಟರ್ಸ್ ಎಂಬ ಕಂಪನಿಯ ಶೇರನ್ನು ಮುನ್ನೂರ ಹನ್ನೆರಡು ರೂಪಾಯಿಗೆ ಕೊಂಡ. ಒಂದು ಶೇರು. ಒಂದೆಂದರೆ ಒಂದೇ.

ಕೊಡಿಸಿದವರು ಅದೇ ಶಾಲೆಯ ವಿಜ್ಞಾನದ ಮಾಸ್ತರ ಶಿವಪ್ರಸಾದ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಪಂಚಶೀಲ, ಅದರ ಕೆಳಗೆ ತಿಂಗಳ ಉಳಿತಾಯದ ಪಟ್ಟಿ ಇದ್ದವು. ಅಷ್ಟು ಶಿಸ್ತಿನ ಮನುಷ್ಯ. "ಒಂದ ಶೇರ್ ತಗೊಂಡ್ರೂ ಅಷ್ಟರಮಟ್ಟಿಗೆ ನೀವು ಕಂಪನಿ ಮಾಲಕರ ಆದಂಗ್ರಿ" ಎಂದು ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಸುತ್ತೋಲೆಗಳನ್ನು ಓದಿ ಓದಿ, ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವುದು ಕನಕರಾಯನಿಗೆ ಅಭ್ಯಾಸವಾಗಿತ್ತು. ಮಾಲೀಕನಾಗಿದ್ದೇನೆ ಎಂದ ಮೇಲೆ ಮಾಲೀಕನ ಹಾಗೆ ನಡೆದುಕೊಳ್ಳಬೇಕು ಎಂದು ಅವನು ತೀರ್ಮಾನಿಸಿದ.

ಮೊದಲು ಬಸ್ ನಿಲ್ದಾಣದ ಹತ್ತಿರದ ಯಂತ್ರೋಪಕರಣದ ಅಂಗಡಿಗೆ ಹೋಗಿ ಜಲಕಂಠ ಮೋಟರನ್ನು ಯಾಕೆ ಹಿಂದೆ ಇಟ್ಟಿದ್ದೀರಿ ಎಂದು ವಿಚಾರಿಸಿದ. ಅಂಗಡಿಯವನು ತೆರಿಗೆ ಇಲಾಖೆಯವರಿರಬೇಕೆಂದು ಹೆದರಿ, ಮೋಟರನ್ನು ಮುಂದೆ ತಂದಿಟ್ಟು, ಚಹಾ ಕುಡಿಸಿ ಕಳಿಸಿದ. ಇದರಿಂದ ಕನಕರಾಯನಿಗೆ ತನ್ನ ಅಧಿಕಾರದ ಬಗ್ಗೆ ಇದ್ದ ಅಲ್ಪಸ್ವಲ್ಪ ಸಂಶಯವೂ ಹೋಯಿತು.

ಆಮೇಲೆ ಆದದ್ದು ಸಿಂಧನೂರಿನ ಆಚೆಯ ಮುಕ್ಕುಂದ ಎಂಬ ಹಳ್ಳಿಯ ಪ್ರಸಂಗ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದವನು ಊಟ ಮುಗಿಸಿ ಗದ್ದೆಯ ಕಡೆ ಅಡ್ಡಾಡುತ್ತಿದ್ದಾಗ, ಬದುವಿನ ಮೇಲೆ ಹುಸೇನ್‌ಸಾಬ್ ಎಂಬ ರೈತ ಕೆಟ್ಟುಹೋದ ಮೋಟರಿನ ಎದುರು ಕುಳಿತು ಬೈಯುತ್ತಿದ್ದ. ಅದು ಜಲಕಂಠ ಮೋಟರ್.

"ಇದನ್ನ ಮಾಡಿದವ ಸಿಕ್ಕರ ಇದರ ಜೋಡಿ ಕಟ್ಟಿ ಹೊಳಿಗೆ ಬಿಡ್ತೀನಿ" ಎನ್ನುತ್ತಿದ್ದ ಹುಸೇನ್‌ಸಾಬ್.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದರು. ಕನಕರಾಯ ಚಪ್ಪಲಿ ಬಿಟ್ಟು, ಕೆಸರಿಗೆ ಇಳಿದು, ಕೈ ಮುಗಿದ.

"ಅದನ್ನ ಮಾಡಿದವ್ರ ಪೈಕಿ ನಾನೂ ಒಬ್ಬ ರೀ. ನಮ್ಮ ಕಂಪನಿ ಕಡಿಂದ ತಪ್ಪಾಗೈತಿ. ಹೊಟ್ಟ್ಯಾಗ ಹಾಕ್ಕೋರಿ."

ಹುಸೇನ್‌ಸಾಬ್ ಬಾಯಿ ತೆರೆದುಕೊಂಡು ನೋಡಿದ. ಐವತ್ತು ವರ್ಷದ ಬದುಕಿನಲ್ಲಿ ಅವನು ಬೀಜದ ಕಂಪನಿ, ಗೊಬ್ಬರದ ಕಂಪನಿ, ಔಷಧದ ಕಂಪನಿ ಎಲ್ಲವನ್ನೂ ಕಂಡಿದ್ದ. ಯಾವ ಕಂಪನಿಯೂ ಕೆಸರಿಗೆ ಇಳಿದು ಕೈ ಮುಗಿದಿರಲಿಲ್ಲ. ಅವನು ಎದ್ದು ನಿಂತು, ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು, "ಮಾಲಕ್ರ, ನಿಮ್ಮ ಮನಿ ಎಲ್ಲೈತ್ರಿ?" ಎಂದು ಕೇಳಿದ. ಕನಕರಾಯ ಓಣಿಯ ಹೆಸರು ಸಮೇತ ವಿಳಾಸ ಹೇಳಿ ಬಂದ.

ಇದಾದ ಮೂರು ವಾರಕ್ಕೆ, ಫೆಬ್ರವರಿಯ ಒಂದು ಗುರುವಾರ, ಕನಕರಾಯನ ಮಗಳು ಸುಕನ್ಯಾಳಿಗೆ ಹೂ ಮುಡಿಸುವ ಶಾಸ್ತ್ರ ಗೊತ್ತಾಗಿತ್ತು. ಸುಕನ್ಯಾ ಮಸ್ಕಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ನಾಲ್ಕು ಗಂಡುಗಳನ್ನು ಬೇಡವೆಂದ ಹುಡುಗಿ ಐದನೆಯವನಾದ ವಿರೇಶನಿಗೆ, ಸಿಂಧನೂರಿನ ಕಾಲೇಜಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಹುಡುಗನಿಗೆ, ತಲೆ ಎತ್ತಿ ಹೂಂ ಎಂದಿದ್ದಳು. ಆ ಹೂಂ ಕೆಡದ ಹಾಗೆ ನೋಡಿಕೊಳ್ಳುವುದು ಬಿಟ್ಟರೆ ಕನಕರಾಯನಿಗೆ ಆ ದಿನ ಜಗತ್ತಿನಲ್ಲಿ ಬೇರೇನೂ ಬೇಕಾಗಿರಲಿಲ್ಲ. ವಿರೇಶನ ಮನೆ ಪಾಮನಕಲ್ಲೂರಿನದು. ಅಲ್ಲಿ ಮಾತು ನಡೆಯುವುದು ಅವನ ಅಜ್ಜಿ ಯಂಕಮ್ಮನದು. ಆಕೆ ಒಪ್ಪಿದರೆ ಮದುವೆ, ಇಲ್ಲದಿದ್ದರೆ ಬಂದ ಗಾಡಿಯಲ್ಲೇ ವಾಪಸ್ಸು ಎಂದು ಎಲ್ಲರಿಗೂ ತಿಳಿದಿತ್ತು.

ಕನಕರಾಯ ಹಿಂದಿನ ದಿನವೇ ಹೆಂಡತಿ ಅಮರೇಶ್ವರಿಯನ್ನು ಕರೆದು ಹೇಳಿದ್ದ. "ಬೀಗರು ಬಂದಾಗ ನಾನ ಹೇಳಿದ್ರ ಚಂದ ಕಾಣಂಗಿಲ್ಲ. ಮಾತಿನ ನಡುವೆ ನೀ ಹೇಳು, ನಮ್ಮನಿಯವ್ರು ಶೇರ್ ಮಾರ್ಕೆಟ್‌ನಾಗೂ ಅದಾರ ಅಂತ."

"ಯಾವಾಗ ಹೇಳ್ಬೇಕು?"

"ಅವ್ರು ಏನರ ಕೇಳಿದಾಗ."

ಅಮರೇಶ್ವರಿ ತಲೆಯಾಡಿಸಿದಳು. ಒಮ್ಮೆ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ಆಕೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಗೂಡ್ಸ್ ಗಾಡಿ ಬಂದು ಮನೆಯ ಮುಂದೆ ನಿಂತಿತು. ಅದರಿಂದ ಹುಸೇನ್‌ಸಾಬ್ ಇಳಿದ. ಹಿಂದೆ ಮೂರು ಮೋಟರುಗಳಿದ್ದವು. ಕಂಪನಿಯ ಮಾಲೀಕರೇ ಲಿಂಗಸುಗೂರಿನಲ್ಲಿದ್ದಾರೆ, ಮನುಷ್ಯ ದೇವರಂಥವರು ಎಂದು ಅವನು ಊರಲ್ಲಿ ಹೇಳಿದ್ದೇ ತಡ, ಇನ್ನಿಬ್ಬರು ತಮ್ಮ ಮೋಟರನ್ನೂ ಹೇರಿ ಕಳಿಸಿದ್ದರು. ಸಿಂಧನೂರು ದಾಟಿ, ಮಸ್ಕಿ ದಾಟಿ ಅವು ಬಂದಿದ್ದವು. ಕಳ್ಳರ ಕಾಟಕ್ಕೆ ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಒಡೆಯನ ಹೆಸರು ಬರೆಸಿತ್ತು.

"ಇವತ್ತ ಬ್ಯಾಡ್ರಿ ಹುಸೇನ್‌ಸಾಬ್ರ, ಮನ್ಯಾಗ ಶುಭಕಾರ್ಯ ಐತಿ."

"ಇರಲಿ ಬಿಡ್ರಿ ಮಾಲಕ್ರ, ಛಲೋ ಆತು. ನಾ ಬಜಾರಕ್ಕ ಹೋಗಿ ಬರ್ತೀನಿ. ನೆಲ್ಲು ಒಣಗಾಕತ್ತೈತಿ, ಮಧ್ಯಾಹ್ನದೊಳಗ ರೆಡಿ ಮಾಡಿಸಿಬಿಡ್ರಿ."

ಮೂರನ್ನೂ ಕಟ್ಟೆಯ ಮೇಲೆ ಸಾಲಾಗಿ ಇಳಿಸಿ, ಸಲಾಂ ಹೊಡೆದು, ಅವನು ಗಾಡಿ ಹತ್ತಿದ. ಕನಕರಾಯ ಒಂದನ್ನು ಅಲುಗಾಡಿಸಿ ನೋಡಿದ. ಸೊಂಟ ಅಲುಗಾಡಿತೇ ಹೊರತು ಮೋಟರ್ ಅಲುಗಾಡಲಿಲ್ಲ. ಪಕ್ಕದ ಮನೆಯ ಹಾಜಿಸಾಬ ಮೋಟರ್ ವೈಂಡಿಂಗ್ ಮಾಡುವವನೇ. ಅವನನ್ನು ಕರೆಯೋಣ ಎಂದು ತಿರುಗುವಷ್ಟರಲ್ಲಿ ಓಣಿಯ ತುದಿಯಲ್ಲಿ ಬೀಗರ ಕ್ರೂಸರ್ ಜೀಪು ಕಾಣಿಸಿತು.

ಯಂಕಮ್ಮ ಮೊದಲು ಇಳಿದಳು. ತೆಳ್ಳಗಿನ, ಎತ್ತರದ ಮುದುಕಿ. ಕೈಯಲ್ಲಿ ಕೋಲಿತ್ತು, ಆದರೆ ಅದನ್ನು ಊರಿಕೊಳ್ಳಲು ಹಿಡಿದ ಹಾಗೆ ಕಾಣುತ್ತಿರಲಿಲ್ಲ. ಹೊಸಲಿನತ್ತ ನಡೆದವಳು ಮೋಟರುಗಳ ಎದುರು ನಿಂತಳು.

"ಏನ್ ಬರದಾರಪಾ ಇದರ ಮ್ಯಾಗ? ಓದು."

ವಿರೇಶ ಓದಿದ. "ಹುಸೇನ್‌ಸಾಬ್, ಮುಕ್ಕುಂದ. ಯಂಕೋಬ, ಮುಕ್ಕುಂದ. ಮಲ್ಲೇಶ, ಮುಕ್ಕುಂದ."

"ಮೂರು ಮನಿ ಮೋಟ್ರು ಈ ಮನಿ ಕಟ್ಟಿ ಮ್ಯಾಗ ಯಾಕ ಬಂದಾವ?"

ಬೀಗರು ಏನೋ ಕೇಳಿದರು. ಅಮರೇಶ್ವರಿಗೆ ತನ್ನ ಸಮಯ ಬಂತೆಂದು ಗೊತ್ತಾಯಿತು. ಆರತಿ ತಟ್ಟೆ ಹಿಡಿದುಕೊಂಡೇ, ಕಲಿತದ್ದನ್ನು ಒಪ್ಪಿಸಿದಳು. "ನಮ್ಮನಿಯವ್ರು ಶೇರ್ ಮಾರ್ಕೆಟ್‌ನಾಗೂ ಅದಾರ್ರಿ ಯವ್ವಾ. ಅದಕ್ಕ ಬಂದಾವ ಇವು."

ಯಂಕಮ್ಮ ಹೊಸಲಿಗೆ ಇಡಲು ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. ಕಟ್ಟೆಯ ತುದಿಯಲ್ಲಿ ಕುಳಿತು, ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಳು.

"ಆರತಿ ಒಳಗ ಒಯ್ಯವ್ವಾ. ನಾ ಹೊಸಲು ದಾಟಂಗಿಲ್ಲ. ಗೆದ್ದ ಸಾಮಾನು ಇಟ್ಟ ಮನಿ ಇದು."

ಕನಕರಾಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.  ಶೇರ್ ಮಾರ್ಕೆಟ್ ಎಂದರೆ ಜೂಜು, ಜೂಜಿನಲ್ಲಿ ಸೋತವರ ಮೋಟರುಗಳು ತನ್ನ ಕಟ್ಟೆಯ ಮೇಲಿವೆ ಎಂದು ಆಕೆ ತಿಳಿದಿದ್ದಳು.

"ಇಲ್ರಿ ಯವ್ವಾ, ಇವು ಗೆದ್ದವಲ್ಲ. ಅವ್ರಾಗೇ ತಂದು ಬಿಟ್ಟು ಹೋದ್ರು."

"ಸೋತವ್ರು ಹಂಗ ಬಿಟ್ಟು ಹೋಗ್ತಾರ."

"ನಾ ಬ್ಯಾಡ ಬ್ಯಾಡ ಅಂದೆ. ಇವತ್ತ ಬ್ಯಾಡ ಅಂದೆ."

"ಅಂದ್ರ ನಾಳೆ ತಗೊಳ್ಳಾಂವ ಇದ್ದಿ."

"ಅಲ್ರಿ, ನಾ ಹಾಕಿದ್ದ ಬರೇ ಮುನ್ನೂರ ಹನ್ನೆರಡು ರೂಪಾಯಿ."

ಕ್ರೂಸರಿನಿಂದ ಇಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಮುನ್ನೂರು ರೂಪಾಯಿ ಹಾಕಿ ಮೂರು ಮನಿ ಮೋಟ್ರು ಹೊಡ್ದಾನ. ನನ್ನ ಗಂಡನ್ನ ಕೆಡಿಸಿದವ್ರೂ ಇಷ್ಟು ಕಡಿಮಿಗಿ ಹೊಡೀಲಿಲ್ಲ."

ಹಾಜಿಸಾಬ ಗದ್ದಲ ಕೇಳಿ ಲುಂಗಿ ಮಡಚಿಕೊಂಡು ಬಂದ. ಶಾಲೆಗೆ ರಜೆ ಹಾಕಿ ಬಂದಿದ್ದ ಶಿವಪ್ರಸಾದ ಮಾಸ್ತರರು ಗೇಟಿನಲ್ಲೇ ನಿಂತುಬಿಟ್ಟರು. ಓಣಿಯ ಕಿಟಕಿಗಳಲ್ಲಿ ಒಂದೊಂದಾಗಿ ತಲೆಗಳು ಮೂಡಿದವು. ಇಪ್ಪತ್ತಾರು ವರ್ಷದಿಂದ ಒಬ್ಬರ ಪೆನ್ನನ್ನೂ ಮರೆತು ಜೇಬಿಗೆ ಹಾಕಿಕೊಳ್ಳದ ಕನಕರಾಯನ ಮನೆ ಜೂಜಿನ ಅಡ್ಡೆಯೆಂದು ಎಲ್ಲರಿಗೂ ಒಂದೇ ಸಲ ಗೊತ್ತಾಯಿತು. ಎದುರು ಮನೆಯ ಖಾತೂನ್‌ಬೀ, "ಅದಕ್ಕ ಫೋನ್ ಹಿಡಕೊಂಡ ಅಡ್ಡಾಡ್ತಿದ್ದ" ಎಂದಳು.

ಯಂಕಮ್ಮ ಮೆಲ್ಲನೆ ಹೇಳತೊಡಗಿದಳು. ದನಿ ಏರಿಸಲಿಲ್ಲ, ಕೇಳಿಸಿಕೊಳ್ಳಲು ಎಲ್ಲರೂ ಹತ್ತಿರ ಬಂದರು.

"ನನ್ನ ಗಂಡ ಇಸ್ಪೀಟಿನಾಗ ನಮ್ಮನಿ ತಲಬಾಗ್ಲ ಸೋತ. ಮುಂಜಾನೆ ನಾಲ್ಕು ಮಂದಿ ಬಂದು ಬಿಚ್ಚಿಕೊಂಡು ಹೋದ್ರು. ಒಂದ್ ವರ್ಷ ಸೀರಿ ಕಟ್ಟಿ, ಅದರ ಹಿಂದ ಕೂಸುಗಳ್ನ ಮಲಗಿಸೀನಿ. ನಾಯಿ ಒಳಗ ಬರ್ತಿದ್ವು. ಆ ಬಾಗ್ಲ ಇನ್ನೂ ನಮ್ಮೂರಾಗ ಐತಿ, ಇನ್ನೊಬ್ಬರ ಮನಿಗಿ. ದಿನಾ ಅದರ ಮುಂದ ಹಾಯ್ದು ನೀರಿಗೆ ಹೋಗೀನಿ. ಅವತ್ತ ಬೀರಪ್ಪ ದೇವರ ಭಂಡಾರ ಮುಟ್ಟಿ ಆಣಿ ಮಾಡೀನಿ, ಜೂಜಿನ ಮನಿ ಹೆಣ್ಣು ತರಂಗಿಲ್ಲ, ಕೊಡಂಗಿಲ್ಲ ಅಂತ. ಹುಡುಗಿ ಚಿನ್ನದಂತಾಕಿ. ನನಗೂ ಮನಸಾಗಿತ್ತು. ಆದ್ರ ಏನ್ ಮಾಡ್ಲಿ?"

ಬಾಗಿಲಲ್ಲಿ ನಿಂತ ಸುಕನ್ಯಾಳ ಕಣ್ಣು ತುಂಬಿದವು. ಅದನ್ನು ಕಂಡು ಕನಕರಾಯನಿಗೆ, ಮಾಲೀಕತನವನ್ನೆಲ್ಲ ಅಂದು ಆ ಕೆಸರಿನಲ್ಲೇ ಬಿಟ್ಟು ಬರಬಾರದಿತ್ತೇ ಎನಿಸಿತು.

ಅಷ್ಟರಲ್ಲಿ ಹುಸೇನ್‌ಸಾಬ್ ಬಜಾರಿನಿಂದ ಬಂದ. "ಏನ್ರಿ ಮಾಲಕ್ರ, ರಿಪೇರಿ ಶುರು ಮಾಡಿಲ್ಲೇನ್ರಿ ಇನ್ನೂ?"

"ಇದು ನಿನ್ನ ಮೋಟ್ರೇನಪಾ?" ಯಂಕಮ್ಮ ಕೇಳಿದಳು. "ಎಷ್ಟಕ್ಕ ಸೋತಿ?"

"ಸೋಲೂದು ಎಲ್ಲಿ ಬಂತು ಯವ್ವಾ? ಕೆಟ್ಟೈತಿ. ಇವ್ರು ಕಂಪನಿ ಮಾಲಕ್ರು, ಮಾಡಿಸಿಕೊಡ್ತಾರಂತ ತಂದೀನಿ."

ಮೊದಲ ತಪ್ಪು ತಿಳುವಳಿಕೆ ಹೀಗೆ ಬಿಡಿಸಿಕೊಂಡಿತು. ಬಿಡಿಸಿಕೊಂಡ ಕೂಡಲೇ ಇನ್ನೊಂದು ಹುಟ್ಟಿತು. ಈ ಮಾಲೀಕತನದ ಬೆಲೆ ಎಷ್ಟು ಎಂದು ಯಾರೋ ಹೇಳಿದರು. ಹುಸೇನ್‌ಸಾಬ್ ಕೇಳಿಸಿಕೊಂಡು, ಮೋಟರಿನ ಮೇಲೆಯೇ ಕುಳಿತುಬಿಟ್ಟ.

"ಮುನ್ನೂರ ಹನ್ನೆರಡು? ಅಲ್ರಿ, ನಾ ಈ ಮೋಟ್ರಿಗೆ ಇಪ್ಪತ್ತೆರಡು ಸಾವಿರ ಕೊಟ್ಟೀನಿ. ಆ ಹಿಸಾಬಿಗೆ ನಿಮ್ಮಕಿಂತ ನಾನ ದೊಡ್ಡ ಮಾಲಕ ಆದ್ನೆಲ್ಲ?"

 ಹಾಜಿಸಾಬ ಯಾರ ಅಪ್ಪಣೆಗೂ ಕಾಯದೆ ಮೊದಲ ಮೋಟರಿನ ಮುಚ್ಚಳ ಬಿಚ್ಚತೊಡಗಿದ. ಬಿಚ್ಚುವ ಸದ್ದು ಕೇಳಿ ಹುಸೇನ್‌ಸಾಬ್ ಸ್ವಲ್ಪ ತಣ್ಣಗಾದ.

ಯಂಕಮ್ಮ ಇನ್ನೂ ಎದ್ದಿರಲಿಲ್ಲ. "ಆತು. ಗೆದ್ದವಲ್ಲ. ನಾ ತಪ್ಪು ತಿಳಕೊಂಡೆ. ಆದ್ರ ಶೇರ್ ಅಂಬೋದು ಜೂಜ ಹೌದೋ ಅಲ್ಲೋ? ನನಗ ಅದು ಬರೋಬ್ಬರಿ ಗೊತ್ತಾಗ್ಬೇಕು. ಭಂಡಾರ ಮುಟ್ಟಿದಾಕಿ ನಾನು."

ಶಿವಪ್ರಸಾದ ಗಂಟಲು ಸರಿಮಾಡಿಕೊಂಡರು. ತಾವು ಕೊಡಿಸಿದ ಶೇರಿನಿಂದ ಒಂದು ಮದುವೆ ಮುರಿಯುತ್ತಿದೆ ಎಂಬ ಗಾಬರಿ ಅವರ ಮುಖದಲ್ಲಿತ್ತು. "ಬುದ್ಧರು ಜೂಜು ಗಂಟು ಕೆಡಿಸೋ ಹಾದಿ ಅಂದಾರ್ರಿ ಯವ್ವಾ. ಆದ್ರ ದುಡದದ್ದು ನಾಲ್ಕು ಪಾಲು ಮಾಡಿ, ಎರಡು ಪಾಲು ಕಸಬಿಗೆ ಹಾಕು ಅಂತಾನೂ ಹೇಳ್ಯಾರ. ಶೇರ್ ಅಂದ್ರ ಕಸಬಿಗೆ ಹಾಕಿದಂಗ್ರಿ."

"ಛಲೋ ಮಾತು. ಈತ ಹಾಕಿದ್ದು ಎಷ್ಟನೇ ಪಾಲು?"

ಮಾಸ್ತರರು ಲೆಕ್ಕ ಹಾಕಿ ನೋಡಿದರು. "ಪಾಲು ಅನ್ನೂವಷ್ಟಿಲ್ರಿ ಅದು" ಎಂದು ಒಪ್ಪಿಕೊಂಡರು.

"ನಮ್ಮೊಳಗೂ ಜೂಜು ಹರಾಮ್ರಿ" ಎಂದ ಹಾಜಿಸಾಬ, ತಿರುಪುಳಿಯಿಂದ ಕೈ ತೆಗೆಯದೆ. "ಬಡ್ಡಿನೂ ಹರಾಮ್. ವ್ಯಾಪಾರ ಹರಾಮ್ ಅಲ್ಲ. ಖರೇ ಮಾಲು ಇರಬೇಕು, ಲಾಭ ಆದ್ರೂ ನುಕ್ಸಾನ ಆದ್ರೂ ಕೂಡಿ ಉಣಬೇಕು ಅಂತ ನಮ್ಮ ಮೌಲಾನಾ ಹೇಳ್ತಾರ. ಇಲ್ಲಿ ಮಾಲು ಐತಿ." ಸುಟ್ಟು ಕಪ್ಪಾದ ತಂತಿಯ ಸುರುಳಿಯನ್ನು ಹೊರಗೆಳೆದು ತೋರಿಸಿದ. "ನುಕ್ಸಾನ ಅಂತೂ ಕಣ್ಣಿಗೇ ಕಾಣಾಕತ್ತೈತಿ."

ಗಂಡನ ಪರವಾಗಿ ಏನಾದರೂ ಹೇಳಲೇಬೇಕೆಂದು ಅಮರೇಶ್ವರಿಗೂ ಅನಿಸಿತು. "ನಾಗರ ಪಂಚಮಿಗಿ ನಾವೆಲ್ಲ ಪಂತ ಕಟ್ಟಿ ನಿಂಬಿಹಣ್ಣು ಒಗೀತೀವಲ್ರಿ ಯವ್ವಾ. ಅದಕ್ಕ ಯಾರೂ ಪಾಪ ಅನ್ನಂಗಿಲ್ಲ."

"ಹೌದು, ನಾನೂ ಒಗದೀನಿ" ಎಂದಳು ಯಂಕಮ್ಮ. "ಒಂದ ದಿನ. ಹೊತ್ತು ಮುಣುಗಿತಂದ್ರ ಮುಗೀತು. ಮರುದಿನ ಯಾರೂ ನಿಂಬಿಹಣ್ಣಿನ ಮಾರಿ ನೋಡಂಗಿಲ್ಲ." ಹಾಗೆನ್ನುತ್ತ ಏನೋ ಹೊಳೆದವಳಂತೆ ಅಮರೇಶ್ವರಿಯ ಕಡೆ ತಿರುಗಿದಳು. "ನಿನ್ನ ಗಂಡ ಈ ಶೇರ್ ದಿನಕ್ಕ ಎಷ್ಟು ಸಲ ನೋಡ್ತಾನ?"

ಕನಕರಾಯ ಹೆಂಡತಿಗೆ ಕಣ್ಣಿನಲ್ಲಿ ಸನ್ನೆ ಮಾಡಿದ. ಆದರೆ ಅವನು ಕಲಿಸಿಕೊಟ್ಟದ್ದು ಒಂದೇ ವಾಕ್ಯ. ಉಳಿದದ್ದಕ್ಕೆ ಅಮರೇಶ್ವರಿ ಸತ್ಯವನ್ನೇ ಅವಲಂಬಿಸಬೇಕಾಯಿತು.

"ನಲ್ವತ್ತು ಸಲರಿ."

"ನಲ್ವತ್ತು?" ಶಿವಪ್ರಸಾದರು ಬೆಚ್ಚಿದರು. "ಒಂದ ಶೇರಿಗೆ?"

"ಜಳಕಕ್ಕ ಹೋದಾಗೂ ನೋಡ್ತಾರ್ರಿ. ಏರಿ ಹಚ್ಚಗಾಗೈತಿ ಅಂದ್ರ ಹಾಡ್ಕೋತ ಬರ್ತಾರ. ಇಳದು ಕೆಂಪಗಾಗೈತಿ ಅಂದ್ರ ಸಾರಿಗೆ ಉಪ್ಪಿಲ್ಲ ಅಂತ ಜಗಳ ತಗೀತಾರ. ಮೊನ್ನೆ ಸುಕನ್ಯಾ ಪಗಾರದಾಗ ತಂದ ಅಂಗಿ ತೋರಿಸಾಕ ಬಂದಾಗ, ತಡಿ ತಡಿ ಇಳಿಯಾಕತ್ತೈತಿ ಅಂದು ಆಕಿ ಕಡಿ ನೋಡ್ಲೇ ಇಲ್ಲ."

 ಹಾಜಿಸಾಬ ಕೂಡ ತಿರುಪುಳಿ ತಿರುಗಿಸುವುದನ್ನು ನಿಲ್ಲಿಸಿದ.

"ನನ್ನ ಗಂಡನೂ ಆಡೂದಕಿಂತ ನೋಡಾಕ ಹೋಗ್ತಿದ್ದ" ಎಂದಳು ಯಂಕಮ್ಮ. "ಮಾಸ್ತರ್ರು ಹೇಳಿದ್ದು ಖರೇ, ಸಾಬ್ರು ಹೇಳಿದ್ದೂ ಖರೇ. ಶೇರ್ ಜೂಜಲ್ಲ. ಈತ ಜೂಜುಗಾರ."

 ಒಂದೇ ಒಂದು ಶೇರಿನಿಂದ ಮಾಲೀಕನಾದವನು, ಅದೇ ಒಂದು ಶೇರಿನಿಂದ ಜೂಜುಗಾರನೂ ಆದದ್ದನ್ನು ಕನಕರಾಯನ ತಲೆ ಅರಗಿಸಿಕೊಳ್ಳಲಿಲ್ಲ. ಆದರೆ ಅಂಗಿಯ ಮಾತು ಅವನಿಗೆ ಚೆನ್ನಾಗಿ ನೆನಪಿತ್ತು. ಅದರ ಬಣ್ಣ ಯಾವುದೆಂದು ಎಷ್ಟು ನೆನೆದರೂ ಹೊಳೆಯಲಿಲ್ಲ.

ಯಂಕಮ್ಮ ಸೊಂಟದ ಚೀಲದಿಂದ ಭಂಡಾರದ ಅರಿಸಿನಪುಡಿಯ ಪೊಟ್ಟಣ ತೆಗೆದು ಬಿಚ್ಚಿದಳು. "ಶೇರ್ ಇಟ್ಗೋ. ಮಾರಬ್ಯಾಡ. ಆದ್ರ ನೋಡೂದು ವರ್ಷಕ್ಕ ಒಮ್ಮೆ, ಪಂಚಮಿ ದಿನ. ಇದರ ಮ್ಯಾಗ ಕೈ ಇಟ್ಟು ಹೇಳು. ನಾ ಹೊಸಲು ದಾಟ್ತೀನಿ."

"ನಾವು ಹೇಳೋದೂ ಇದನ್ನ ರೀ" ಎಂದು ಶಿವಪ್ರಸಾದರು ಸಂತೋಷದಿಂದ ಮುಂದೆ ಬಂದರು. "ತಗೊಂಡು ಮರ್ತುಬಿಡ್ರಿ ಅಂತ ಎಷ್ಟು ಮಂದಿಗೆ ಹೇಳೀನಿ, ಯಾರೂ ಕೇಳಂಗಿಲ್ಲ."

ಎಲ್ಲರೂ ಕನಕರಾಯನನ್ನು ನೋಡಿದರು. ಅವನು ಕೈ ಚಾಚಿದ. ಕೈ ಭಂಡಾರಕ್ಕೆ ನಾಲ್ಕು ಬೆರಳು ದೂರದಲ್ಲಿ ನಿಂತಿತು.

"ಯವ್ವಾ, ದೀಪಾವಳಿಗೂ ಒಂದ್ಸಲ…"

ಅಮರೇಶ್ವರಿಯ ಕೈಯಲ್ಲಿದ್ದ ಆರತಿ ತಟ್ಟೆ ಓರೆಯಾಯಿತು. ವಿರೇಶನ ಅಪ್ಪ ಕ್ರೂಸರಿನ ಬಾಗಿಲು ಹಿಡಿದುಕೊಂಡ. ಮದುವೆ ಒಂದು ಕಡೆ, ಒಂದು ಸಲದ ನೋಟ ಇನ್ನೊಂದು ಕಡೆ ಇಟ್ಟು ಚೌಕಾಸಿ ಮಾಡುವ ಹೆಣ್ಣಿನ ತಂದೆಯನ್ನು ಲಿಂಗಸುಗೂರು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅಪ್ಪಾ" ಎಂದಳು ಸುಕನ್ಯಾ.

ಜೋರಾಗಿ ಹೇಳಲಿಲ್ಲ. ಕನಕರಾಯ ತಲೆ ಎತ್ತಿ ಮಗಳನ್ನು ನೋಡಿದ. ಬಹಳ ದಿನಗಳ ಮೇಲೆ ಸರಿಯಾಗಿ ನೋಡಿದ. ಅವಳು ಸೋತುಹೋದವಳ ಹಾಗೆ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೈಯನ್ನು ಪೂರ್ತಿ ಭಂಡಾರದಲ್ಲಿ ಊರಿ, "ವರ್ಷಕ್ಕ ಒಮ್ಮೆ. ಪಂಚಮಿಗಷ್ಟ" ಎಂದ. ಕೈ ಮಣಿಕಟ್ಟಿನವರೆಗೆ ಹಳದಿಯಾಯಿತು.

ಯಂಕಮ್ಮ ಎದ್ದು ಹೊಸಲು ದಾಟಿದಳು. ಸುಕನ್ಯಾಳಿಗೆ ಹೂ ಮುಡಿಸಿದರು, ಎಲೆ ಅಡಿಕೆ ಬದಲಾಯಿಸಿದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಸಜ್ಜಕ ಎಲ್ಲರಿಗೂ ಸಾಲುವಷ್ಟಿತ್ತು, ಹುಸೇನ್‌ಸಾಬನಿಗೂ ಸಾಲುವಷ್ಟಿತ್ತು. ಒಂದು ಮೋಟರಿಗೆ ಹಾಜಿಸಾಬ ಅಂದೇ ಜೀವ ತಂದ. ಇನ್ನೆರಡನ್ನು ನಾಳೆ ಕೊಡುತ್ತೇನೆಂದ. ಮದುವೆಯ ದಿನ ಮಾತ್ರ ಯಂಕಮ್ಮ ಗೊತ್ತು ಮಾಡಲಿಲ್ಲ. ನೋಡೋಣ ಎಂದು ಮಾತು ತೇಲಿಸಿದಳು. 

ಎರಡೂವರೆಗೆ ಬೀಗರು ಹೊರಟರು. ಕ್ರೂಸರ್ ಹತ್ತುವ ಮೊದಲು ಯಂಕಮ್ಮ ಕನಕರಾಯನನ್ನು ಪಕ್ಕಕ್ಕೆ ಕರೆದಳು. ದನಿ ತಗ್ಗಿಸಿ, ಬಹಳ ಸಲಿಗೆಯಿಂದ ಕೇಳಿದಳು.

"ಏನಪಾ ತಮ್ಮಾ, ಇವತ್ತ ಏರೈತೇನು, ಇಳದೈತೇನು?"

ಕನಕರಾಯನ ಹಳದಿ ಕೈ ತಾನಾಗಿಯೇ ಜೇಬಿನ ಹತ್ತಿರ ಹೋಯಿತು. ಆ ದಿನ ಬೆಳಗಿನಿಂದ ಅವನು ಒಮ್ಮೆಯೂ ನೋಡಿರಲಿಲ್ಲ. ಕೇಳುತ್ತಿರುವವರು ಹಿರಿಯರು, ಅವರ ಮಾತು ಮೀರುವುದು ಸರಿಯಲ್ಲ ಎಂದು ಅವನ ಮನಸ್ಸಿನಲ್ಲಿದ್ದ ಗುಮಾಸ್ತ ಟಿಪ್ಪಣಿ ಬರೆಯತೊಡಗಿದ್ದ. ಅಂಗಳದಲ್ಲಿದ್ದ ಅಮರೇಶ್ವರಿ, ಸುಕನ್ಯಾ, ವಿರೇಶ, ಎದುರು ಮನೆಯ ಕಿಟಕಿಯಲ್ಲಿದ್ದ ಖಾತೂನ್‌ಬೀ ಎಲ್ಲರೂ ಆ ಕೈಯನ್ನೇ ನೋಡಿದರು. ಕೈ ಜೇಬಿನ ಅಂಚನ್ನು ಮುಟ್ಟಿತು. ಆಮೇಲೆ ಕೆಳಗೆ ಇಳಿಯಿತು.

"ಪಂಚಮಿಗಿ ಹೇಳ್ತೀನ್ರಿ ಯವ್ವಾ."

ಯಂಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗಿಯ ಜೇಬಿನ ಮೇಲೆ ಹತ್ತಿದ್ದ ಅರಿಸಿನದ ಕಲೆಯನ್ನೂ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, "ಪಂಚಾಂಗ ತಗೀಪಾ. ಮದುವಿ ದಿನ ಹಿಡದ ಹೋಗೂಣು" ಎಂದಳು.

ಗಾಡಿ ಓಣಿ ದಾಟಿದ ಮೇಲೆ ಕನಕರಾಯ ಕಟ್ಟೆಯ ಮೇಲೆ ಕುಳಿತ. ಮೈಯೆಲ್ಲ ಬೆವೆತಿತ್ತು. ಹಾಜಿಸಾಬ ಒಂದು ಲೋಟ ನೀರು ತಂದು ಕೊಟ್ಟು, ಪಕ್ಕದಲ್ಲಿ ಕುಳಿತು, ಬೆನ್ನು ತಟ್ಟಿದ.

"ಗಟ್ಟಿ ಮನಶ್ಯಾ ಅದೀ ಕನಕರಾಯಣ್ಣ. ನಾ ಅಂತೂ ಕೈ ಜೇಬಿಗೆ ಹೋತಂದ್ರ ಮುಗೀತು ಅಂದ್ಕೊಂಡಿದ್ದೆ. ಆ ಯವ್ವ ಇನ್ನೊಂದ್ಸಲ ಕೇಳಿದ್ರ ಏನ್ ಮಾಡ್ತಿದ್ದಿ?"

ಕನಕರಾಯ ನೀರನ್ನು ಒಂದೇ ಗುಟುಕಿಗೆ ಕುಡಿದು, ಲೋಟ ಕೆಳಗಿಟ್ಟ.

"ನೋಡಿಬಿಡ್ತಿದ್ದೆ" ಎಂದ.